ಹಳೇ ಮಾರುತಿ 800 ಸ್ಟಾರ್ಟ್ ಆಗ್ತಿಲ್ವಾ? ಮೊದಲು ಸದ್ದು ಕೇಳಿ

ಬೆಳಿಗ್ಗೆ ಕೀ ತಿರುಗಿಸಿದಿರಿ, ಗಾಡಿ ಸ್ಟಾರ್ಟ್ ಆಗಲಿಲ್ಲ. ಆಗ ನಾವೆಲ್ಲ ಮಾಡುವುದು ಇನ್ನೊಂದು ಸಲ ಕೀ ತಿರುಗಿಸುವುದು. ಆಮೇಲೆ ಮತ್ತೊಂದು ಸಲ. ಹತ್ತು ಸಲ ತಿರುಗಿಸುವಷ್ಟರಲ್ಲಿ ಬ್ಯಾಟರಿ ಇಳಿದಿರುತ್ತದೆ, ಕಿಡಿ ಹಾರಿಸುವ ಪ್ಲಗ್ಗುಗಳು ಪೆಟ್ರೋಲಿನಲ್ಲಿ ನೆಂದಿರುತ್ತವೆ, ಮೊದಲು ಒಂದೇ ಇದ್ದ ತೊಂದರೆ ಈಗ ಮೂರಾಗಿರುತ್ತದೆ. ಆಮೇಲೆ ಮೆಕ್ಯಾನಿಕ್ ಬಂದರೂ ಯಾವುದು ಮೊದಲಿನದು, ಯಾವುದು ನಾವು ಮಾಡಿಕೊಂಡದ್ದು ಅಂತ ಅವರಿಗೂ ಗೊತ್ತಾಗುವುದಿಲ್ಲ.

ನಮ್ಮ ಮನೆಯಲ್ಲಿರುವುದು 1996ರ ಮಾರುತಿ 800. ಮನೆ ತೀರ್ಥಹಳ್ಳಿ ಹತ್ತಿರ, ಅಂದರೆ ವರ್ಷಕ್ಕೆ ನಾಲ್ಕು ತಿಂಗಳು ಗಾಡಿ ಥಂಡಿ ಗಾಳಿಯಲ್ಲೇ ನಿಂತಿರುತ್ತದೆ. ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ಶಿವಮೊಗ್ಗಕ್ಕೆ ಮದುವೆಗೆ ಹೊರಟೆವು. ಕೀ ತಿರುಗಿಸಿದರೆ 'ಟಕ್' ಅಂತ ಒಂದೇ ಸದ್ದು, ಅಷ್ಟೇ. ಬ್ಯಾಟರಿ ಹೋಗಿದೆ ಅಂದರು, ಹೊಸದು ಹಾಕಿಸಿದೆವು. ಎಂಟು ದಿನ ಸರಿ ಇತ್ತು, ಮತ್ತೆ ಟಕ್. ಸೆಲ್ಫ್ ಮೋಟರ್ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್) ಬಿಚ್ಚಿಸಿ, ಅದರೊಳಗೆ ಕರೆಂಟು ದಾಟಿಸುವ ಕಾರ್ಬನ್ ಬ್ರಷ್ ಹಾಕಿಸಿದೆವು. ನಾಲ್ಕು ದಿನ, ಮತ್ತೆ ಟಕ್. ಕೊನೆಗೆ ಸಿಕ್ಕಿದ್ದು ಏನು ಗೊತ್ತಾ? ಬ್ಯಾಟರಿಯ ನೆಗೆಟಿವ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ಅರ್ಥ್ ವೈರಿನ ಬೋಲ್ಟಿನ ಕೆಳಗೆ ತುಕ್ಕು. ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿ ಮಾಡಿದ್ದಕ್ಕೆ ಹಿಡಿದದ್ದು ಹತ್ತು ನಿಮಿಷ. ಅವತ್ತಿನಿಂದ ನಾನು ಬಿಡಿಭಾಗ ಬದಲಿಸುವ ಮೊದಲು ಸದ್ದು ಕೇಳುವುದನ್ನು ಕಲಿತೆ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ 800 ಗಾಡಿಯ ಬಗ್ಗೆ. 1983ರ ಡಿಸೆಂಬರಿನಲ್ಲಿ ಶುರುವಾಗಿ 2014ರ ಜನವರಿಯವರೆಗೆ ತಯಾರಾದ ಕಾರು ಇದು. 796 ಸಿಸಿ, ಮೂರು ಸಿಲಿಂಡರ್. ಹಳೇ ಓಮ್ನಿಯದ್ದೂ ಇದೇ ಎಂಜಿನ್. ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೂ ಮುಕ್ಕಾಲು ಪಾಲು ಅನ್ವಯಿಸುತ್ತದೆ. 2000ದ ಹೊತ್ತಿಗೆ ಬಂದ, ಕಾರ್ಬೊರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಗಾಡಿಗಳ ವಿಷಯ ಕೊನೆಯಲ್ಲಿ ಸ್ವಲ್ಪ ಹೇಳುತ್ತೇನೆ. ಡೀಸೆಲ್ ಗಾಡಿಯ ಕತೆಯೇ ಬೇರೆ, ಅದು ಇಲ್ಲಿ ಬೇಡ.

ಇನ್ನೊಂದು ಮಾತು. ಗ್ಯಾರೇಜಿನ ಭಾಷೆಯಲ್ಲೇ ಬರೆಯುತ್ತೇನೆ. ಸ್ಟಾರ್ಟರ್ ಮೋಟರಿಗೆ 'ಸೆಲ್ಫ್', ಬ್ಯಾಟರಿ ತುಂಬುವ ಆಲ್ಟರ್ನೇಟರಿಗೆ 'ಡೈನಮೋ', ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ 'ಡೆಲ್ಕೋ'. ಡೆಲ್ಕೋ ಅನ್ನುವುದು ಅಮೆರಿಕದ ಕಂಪನಿಯೊಂದರ ಹೆಸರು, ನಮ್ಮಲ್ಲಿ ಅದು ಆ ಡಬ್ಬಿಯ ಹೆಸರೇ ಆಗಿಹೋಗಿದೆ.

ಕೈ ಹಾಕುವ ಮೊದಲು

ದೊಡ್ಡ ಸಾಮಾನೇನೂ ಬೇಡ. 10 ನಂಬರ್ ಮತ್ತು 12 ನಂಬರ್ ಸ್ಪ್ಯಾನರ್, ಪ್ಲಗ್ ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಸ್ಕ್ರೂ ಡ್ರೈವರ್, ಒಂದು ತುಂಡು ಎಮರಿ ಪೇಪರ್, ಒಣ ಬಟ್ಟೆ. ಇದರ ಜೊತೆ ಒಂದು ಟೆಸ್ಟ್ ಲ್ಯಾಂಪ್. ಹಳೇ 12 ವೋಲ್ಟ್ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದುಕೊಂಡರೆ ಅದೇ ಟೆಸ್ಟ್ ಲ್ಯಾಂಪ್. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಒಂದು ಹೆಚ್ಚುವರಿ ಪ್ಲಗ್ ಡಿಕ್ಕಿಯಲ್ಲಿ ಬಿದ್ದಿರಲಿ.

ಗೇರ್ ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಪಂಚೆಯ ತುದಿ, ಸೆರಗು, ದುಪಟ್ಟಾ ಯಾವುದೂ ಬಾನೆಟ್ಟಿನ ಒಳಗೆ ಜೋತಾಡಬಾರದು. ರೇಡಿಯೇಟರ್ ಫ್ಯಾನು ಕರೆಂಟಿನದ್ದು, ಕೀ ಆನ್ ಇದ್ದಾಗ ಹೇಳದೆ ಕೇಳದೆ ತಿರುಗಿಬಿಡಬಹುದು. ಪೆಟ್ರೋಲ್ ಪೈಪ್ ಬಿಚ್ಚುವಾಗ ಹತ್ತಿರದಲ್ಲಿ ಬೀಡಿ ಸಿಗರೇಟು ಹಚ್ಚಿಕೊಂಡು ಸಲಹೆ ಕೊಡುವ ನೆಂಟರಿದ್ದರೆ ಅವರನ್ನು ಕಾಫಿಗೆ ಒಳಗೆ ಕಳಿಸಿ.

ಈಗ ಒಬ್ಬರು ಕೀ ತಿರುಗಿಸಲಿ, ನೀವು ಬಾನೆಟ್ ಎತ್ತಿ ಹೊರಗೆ ನಿಂತು ಕೇಳಿ. ಒಂದೇ ಸಲ, ಐದು ಸೆಕೆಂಡು. ಸೆಲ್ಫ್ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ತಿರುಗಬಾರದು, ಮಧ್ಯೆ ಅರ್ಧ ನಿಮಿಷವಾದರೂ ಬಿಡಬೇಕು, ಇಲ್ಲದಿದ್ದರೆ ಅದೇ ಸುಟ್ಟುಹೋಗುತ್ತದೆ.

ಕೇಳುವುದು ಇಷ್ಟು: ಎಂಜಿನ್ ತಿರುಗುತ್ತಿದೆಯಾ, ಇಲ್ಲವಾ? ತಿರುಗದಿದ್ದರೆ ಪೆಟ್ರೋಲು, ಪ್ಲಗ್ಗು, ಕಾರ್ಬೊರೇಟರ್ ಯಾವುದನ್ನೂ ಮುಟ್ಟಬೇಡಿ, ತೊಂದರೆ ಕರೆಂಟಿನದು. ಚೆನ್ನಾಗಿ ತಿರುಗುತ್ತಿದ್ದರೆ ಬ್ಯಾಟರಿಯನ್ನು ಬಿಟ್ಟುಬಿಡಿ, ಅದು ತನ್ನ ಕೆಲಸ ಮಾಡುತ್ತಿದೆ. ಇದೊಂದನ್ನು ಗೊತ್ತು ಮಾಡಿಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ.

ಟಕ್, ಟಕಟಕಟಕ, ಅಥವಾ ಏನೂ ಇಲ್ಲ

ಹೆಡ್‌ಲೈಟ್ ಹಾಕಿ, ಬೆಳಕು ಎದುರಿನ ಗೋಡೆಗೆ ಬೀಳಲಿ. ನಮ್ಮಲ್ಲಿ ಕೊಟ್ಟಿಗೆಯ ಗೋಡೆ ಇದೆ, ನಿಮಗೆ ಅಪಾರ್ಟ್‌ಮೆಂಟಿನ ಪಿಲ್ಲರ್ ಸಾಕು. ಬೆಳಕನ್ನು ನೋಡುತ್ತಾ ಕೀ ತಿರುಗಿಸಿ.

ಲೈಟು ಹತ್ತಲೇ ಇಲ್ಲವಾ? ಬ್ಯಾಟರಿ ಪೂರ್ತಿ ಸತ್ತಿದೆ, ಇಲ್ಲವೇ ಟರ್ಮಿನಲ್ ಕಳಚಿಕೊಂಡಿದೆ, ಇಲ್ಲವೇ ಮುಖ್ಯ ಫ್ಯೂಸ್ ಹೋಗಿದೆ. ಹತ್ತಿದ ಲೈಟು ಕೀ ತಿರುಗಿಸಿದ ಕೂಡಲೇ ಎಣ್ಣೆ ಮುಗಿದ ದೀಪದ ಹಾಗೆ ಕೆಂಪಾಗಿ ಕುಗ್ಗಿದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ. ಟಕಟಕಟಕ ಅಂತ ಮೆಷಿನ್ ಗನ್ನಿನ ಹಾಗೆ ಸದ್ದು ಬರುವುದೂ ಸಾಮಾನ್ಯವಾಗಿ ಇದರಿಂದಲೇ. ಲೈಟು ಇದ್ದ ಹಾಗೇ ಉರಿಯುತ್ತಾ ಇದೆ, ಸೆಲ್ಫ್ ಮಾತ್ರ ಸುಮ್ನೆ ಇದೆ ಅಂದರೆ ಕರೆಂಟು ಸೆಲ್ಫಿನವರೆಗೆ ಹೋಗುತ್ತಲೇ ಇಲ್ಲ.

ಮಲ್ಟಿಮೀಟರ್ ಇದ್ದರೆ ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಇಳಿದಿದ್ದರೆ ಚಾರ್ಜ್ ಮಾಡದೆ ಬೇರೆ ಏನೂ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಇನ್ನೂ ಒಳ್ಳೆಯ ಪರೀಕ್ಷೆ ಅಂದರೆ ಸೆಲ್ಫ್ ಹೊಡೆಯುವಾಗಲೇ ಮೀಟರ್ ನೋಡುವುದು. 9.6ಕ್ಕಿಂತ ಕೆಳಗೆ ಇಳಿದರೆ, ಚಾರ್ಜ್ ಮಾಡಿದ ಮೇಲೂ ಹಾಗೇ ಆದರೆ, ಬ್ಯಾಟರಿಯ ಆಯಸ್ಸು ಮುಗಿದಿದೆ. ಗಾಡಿ ಸ್ಟಾರ್ಟ್ ಆದ ಮೇಲೆ 13.8ರಿಂದ 14.5ರೊಳಗೆ ತೋರಿಸಬೇಕು. ತೋರಿಸದಿದ್ದರೆ ಬ್ಯಾಟರಿಯನ್ನು ಬೈಯಬೇಡಿ, ಡೈನಮೋ ತುಂಬುತ್ತಿಲ್ಲ.

ಬ್ಯಾಟರಿ ಬದಲಿಸುವ ಮೊದಲು ಟರ್ಮಿನಲ್ ನೋಡಲೇಬೇಕು. ಹಸಿರು ಬಿಳಿ ಪುಡಿ ಹೂವಿನ ಹಾಗೆ ಅರಳಿಕೊಂಡಿರುತ್ತದಲ್ಲ, ಅದು ಕರೆಂಟನ್ನು ತಡೆಯುತ್ತದೆ. ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಸುರಿದರೆ ಬುಸುಬುಸು ನೊರೆ ಬಂದು ಪುಡಿ ಕರಗುತ್ತದೆ. ನೀರು ಬ್ಯಾಟರಿಯ ಮುಚ್ಚಳದ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ. ಒಣಗಿಸಿ, ಎಮರಿ ಪೇಪರಿನಲ್ಲಿ ಕಂಬ ಮತ್ತು ಕ್ಲಾಂಪಿನ ಒಳಮೈ ಎರಡನ್ನೂ ಹೊಳೆಯುವ ತನಕ ಉಜ್ಜಿ. ಮತ್ತೆ ಹಾಕುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಬಿಗಿ ಮಾಡಿದ ಮೇಲೆ ಮೇಲಿನಿಂದ ವ್ಯಾಸಲೀನ್ ಸವರಿ. ಕೈಯಲ್ಲಿ ತಿರುಗಿಸಿದರೆ ಕ್ಲಾಂಪ್ ಅಲುಗಾಡಬಾರದು. ಒಂದು ಸುಲಭ ಉಪಾಯ: ಎರಡು ಮೂರು ಸಲ ಸೆಲ್ಫ್ ಹೊಡೆದು, ಕೂಡಲೇ ಟರ್ಮಿನಲ್ಲುಗಳನ್ನು ಮುಟ್ಟಿ ನೋಡಿ. ಯಾವುದು ಬಿಸಿಯಾಗಿದೆಯೋ ಅಲ್ಲಿ ಸಂಪರ್ಕ ಸರಿ ಇಲ್ಲ. ಹುಷಾರು, ಕೆಲವು ಸಲ ಕೈ ಸುಡುವಷ್ಟು ಬಿಸಿ ಇರುತ್ತದೆ.

ಆಮೇಲೆ ಅರ್ಥ್. ನಮ್ಮ ಗಾಡಿಯ ಶತ್ರು ಇದೇ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ಆದ್ದರಿಂದ ಬಾಡಿಗೂ ಅದಕ್ಕೂ ನಡುವೆ ಕರೆಂಟು ಹರಿಯುವುದಕ್ಕೆ ಒಂದು ದಪ್ಪ ವೈರ್ ಅಥವಾ ಹೆಣೆದ ಪಟ್ಟಿ ಬೇಕೇ ಬೇಕು. ಇದು ಕೆಳಗೆ ಕೆಸರು ಸಿಡಿಯುವ ಜಾಗದಲ್ಲಿರುತ್ತದೆ, ಮೇಲಿನಿಂದ ಕಾಣುವುದಿಲ್ಲ, ಯಾರೂ ನೋಡುವುದೂ ಇಲ್ಲ. ಪರೀಕ್ಷೆ ಸುಲಭ. ಜಂಪರ್ ಕೇಬಲಿನ (ಎರಡೂ ತುದಿಗೆ ಕ್ಲಿಪ್ ಇರುವ ದಪ್ಪ ವೈರಿನ) ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತುದಿ ನೇರ ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಸತ್ತಂತಿದ್ದ ಗಾಡಿ ಗರ್ರ್ ಅಂತ ತಿರುಗಿದರೆ ನಿಮ್ಮ ಕಳ್ಳ ಸಿಕ್ಕಿದ. ಮೀಟರಿನಲ್ಲಿ ನೋಡುವುದಾದರೆ ಬ್ಯಾಟರಿ ನೆಗೆಟಿವ್ ಮತ್ತು ಎಂಜಿನ್ ನಡುವೆ, ಸೆಲ್ಫ್ ಹೊಡೆಯುವಾಗ, ಅರ್ಧ ವೋಲ್ಟಿಗಿಂತ ಜಾಸ್ತಿ ಬರಬಾರದು. ಹೊಸ ಬ್ಯಾಟರಿ ಹಾಕಿದಾಗ ನಮಗೆ ಎಂಟು ದಿನ ಯಾಕೆ ಸರಿಹೋಗಿತ್ತು ಅಂದರೆ, ಹೊಸದಕ್ಕೆ ತಾಕತ್ತು ಜಾಸ್ತಿ, ಆ ತುಕ್ಕನ್ನೂ ದಾಟಿಕೊಂಡು ಹೇಗೋ ತಳ್ಳುತ್ತಿತ್ತು.

ಲೈಟು ಕುಗ್ಗದೆ ಸೆಲ್ಫ್ ಸುಮ್ಮನಿದ್ದರೆ, ಸೆಲ್ಫಿನ ಮೇಲಿರುವ ಸೊಲೆನಾಯ್ಡಿಗೆ (ಸೆಲ್ಫಿಗೆ ಕರೆಂಟು ಬಿಡುವ ಸ್ವಿಚ್ಚು) ಬರುವ ಸಣ್ಣ ವೈರನ್ನು ಹುಡುಕಿ. ಟೆಸ್ಟ್ ಲ್ಯಾಂಪಿನ ಒಂದು ವೈರ್ ಅದಕ್ಕೆ, ಇನ್ನೊಂದು ಅರ್ಥ್‌ಗೆ. ಕೀ ತಿರುಗಿಸಿದಾಗ ಬಲ್ಬ್ ಹತ್ತಬೇಕು. ಹತ್ತದಿದ್ದರೆ ತೊಂದರೆ ಮೇಲೆ, ಕೀ ಸ್ವಿಚ್ಚಿನ ಕಡೆ. ಹಳೇ 800ರಲ್ಲಿ ಕೀ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆದು ಕರೆಂಟು ಸೊಲೆನಾಯ್ಡನ್ನು ಎಳೆಯುವಷ್ಟು ಹೋಗುವುದೇ ಇಲ್ಲ. ಆಟೋ ಎಲೆಕ್ಟ್ರಿಷಿಯನ್ನರು ಅದಕ್ಕೆ ಮಧ್ಯೆ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಬಿಡುವ ಸ್ವಿಚ್ಚು) ಹಾಕಿಕೊಡುತ್ತಾರೆ, ಅದು ಒಳ್ಳೆಯ ಪರಿಹಾರವೇ, ಒಪ್ಪಿಕೊಳ್ಳಿ. ಹೊರಗಿನಿಂದ ಹಾಕಿಸಿದ ಅಲಾರ್ಮ್, ಸೆಂಟ್ರಲ್ ಲಾಕ್ ಇದ್ದರೆ ಅದನ್ನೂ ಅನುಮಾನದಿಂದ ನೋಡಿ. ಎಷ್ಟೋ ಅಲಾರ್ಮುಗಳು ಸೆಲ್ಫಿನ ವೈರನ್ನೇ ಕತ್ತರಿಸಿ ಮಧ್ಯೆ ಕೂತಿರುತ್ತವೆ.

ಬಲ್ಬ್ ಹತ್ತುತ್ತದೆ, 'ಟಕ್' ಅನ್ನುತ್ತದೆ, ಬ್ಯಾಟರಿ ಅರ್ಥ್ ಎಲ್ಲ ಸರಿ, ಆದರೂ ತಿರುಗುವುದಿಲ್ಲ ಅಂದರೆ ಆಗ ಸೆಲ್ಫಿನದೇ ತಪ್ಪು. ಯಾರಾದರೂ ಕೀ ಹಿಡಿದಿರುವಾಗ ಸ್ಪ್ಯಾನರಿನ ಹಿಡಿಯಿಂದ ಸೆಲ್ಫಿನ ಮೈಗೆ ಮೆಲ್ಲಗೆ ಎರಡು ಏಟು ಕೊಟ್ಟು ನೋಡಿ, ತೆಂಗಿನಕಾಯಿ ಒಡೆದ ಹಾಗಲ್ಲ. ತಿರುಗಿದರೆ ಕಾರ್ಬನ್ ಬ್ರಷ್ ಸವೆದು ಸಿಕ್ಕಿಕೊಂಡಿದೆ. ಅದು ಮನೆಗೆ ಮುಟ್ಟಿಸುತ್ತದೆ, ಆದರೆ ವಾರದೊಳಗೆ ಬಿಚ್ಚಿಸಿ.

ತಿರುಗುತ್ತದೆ, ಹಿಡಿಯುವುದಿಲ್ಲ

ಎಂಜಿನ್ ಜೋರಾಗಿ ತಿರುಗುತ್ತಿದೆ, ಆದರೆ ಹಿಡಿದುಕೊಳ್ಳುತ್ತಿಲ್ಲ. ಈಗ ಇರುವುದು ಎರಡೇ ಪ್ರಶ್ನೆ. ಪೆಟ್ರೋಲ್ ಬರ್ತಿದೆಯಾ, ಪ್ಲಗ್ಗಿಗೆ ಕರೆಂಟ್ ಬರ್ತಿದೆಯಾ.

ಮೊದಲು ಮೂಗು. ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ ಗಪ್ಪನೆ ಹೊಡೆಯುತ್ತಿದ್ದರೆ ಓವರ್‌ಫ್ಲೋ ಆಗಿದೆ. ಚೋಕ್ (ಚಳಿಯಲ್ಲಿ ಸ್ಟಾರ್ಟ್ ಮಾಡಲು ಗಾಳಿ ತಡೆದು ಪೆಟ್ರೋಲ್ ಜಾಸ್ತಿ ಕೊಡುವ ಗುಬ್ಬಿ) ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರ್ ಕೊನೆಯವರೆಗೂ ಒತ್ತಿ ಹಿಡಿಯಿರಿ. ಪಂಪ್ ಮಾಡಬಾರದು, ಪ್ರತಿ ಒತ್ತಿಗೂ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಒತ್ತಿ ಹಿಡಿದೇ ಐದಾರು ಸೆಕೆಂಡು ಸೆಲ್ಫ್ ಹೊಡೆಯಿರಿ. ಹಿಡಿಯದಿದ್ದರೆ ಪ್ಲಗ್ ಬಿಚ್ಚಿ ಒಣಗಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ.

ಇದರ ಉಲ್ಟಾ ಕೂಡ ಇದೆ. ಚಳಿಗೆ ಚೋಕ್ ಎಳೆಯದೆ ಒದ್ದಾಡುವುದು. ಈಗಿನ ಹುಡುಗರಿಗೆ ಚೋಕ್ ಗುಬ್ಬಿ ಯಾಕಿದೆ ಅಂತಲೇ ಗೊತ್ತಿರುವುದಿಲ್ಲ. ಬೆಳಗಿನ ಮೊದಲ ಸ್ಟಾರ್ಟಿಗೆ ಪೂರ್ತಿ ಎಳೆಯಿರಿ, ಹಿಡಿದ ಮೇಲೆ ಒಂದೆರಡು ನಿಮಿಷದಲ್ಲಿ ಮೆಲ್ಲಮೆಲ್ಲಗೆ ಒಳಗೆ ಕಳಿಸಿ. ಎಳೆದರೂ ಏನೂ ವ್ಯತ್ಯಾಸ ಆಗದಿದ್ದರೆ ಕೇಬಲ್ ತುಂಡಾಗಿದೆಯಾ, ಕಾರ್ಬೊರೇಟರಿನ ಬಾಯಲ್ಲಿರುವ ತಗಡಿನ ಮುಚ್ಚಳ ಮುಚ್ಚಿಕೊಳ್ಳುತ್ತಿದೆಯಾ ಅಂತ ಕಣ್ಣಿಂದಲೇ ನೋಡಿ.

ವಾಸನೆಯೇ ಇಲ್ಲವಾ? ಪೆಟ್ರೋಲ್ ಮುಳ್ಳನ್ನು ನಂಬಬೇಡಿ. ನಮ್ಮ ಗಾಡಿಯ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಲೇ ಎರಡು ಸಲ ನಿಂತಿದೆ. ಎರಡು ಲೀಟರ್ ತಂದು ಹಾಕಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಆಮೇಲೆ ಏರ್ ಕ್ಲೀನರ್ ಬಿಚ್ಚಿ, ಕಾರ್ಬೊರೇಟರಿನ ಗಂಟಲು ಕಾಣುವ ಹಾಗೆ ಮಾಡಿ. ಎಂಜಿನ್ ನಿಂತಿರಬೇಕು, ಕೀ ಆಫ್ ಇರಬೇಕು. ಟಾರ್ಚ್ ಬಿಟ್ಟು ಆಕ್ಸಿಲರೇಟರ್ ಕೇಬಲ್ ಸೇರುವ ಲಿವರನ್ನು ಕೈಯಲ್ಲಿ ಚಕ್ ಅಂತ ಎಳೆಯಿರಿ. ಗಂಟಲೊಳಗೆ ಸೂಜಿಯಷ್ಟು ತೆಳ್ಳಗೆ ಪೆಟ್ರೋಲ್ ಚಿಮ್ಮಬೇಕು, ಮಕ್ಕಳ ಪಿಚಕಾರಿ ಹಾಗೆ. ಚಿಮ್ಮಿದರೆ ಕಾರ್ಬೊರೇಟರಿನ ಬಟ್ಟಲಲ್ಲಿ ಪೆಟ್ರೋಲ್ ಇದೆ, ನೀವು ನೇರ ಪ್ಲಗ್ಗಿನ ಕಡೆ ಹೋಗಬಹುದು. ಚಿಮ್ಮದಿದ್ದರೆ ಹಿಂದಕ್ಕೆ ನಡೆಯಬೇಕು: ಪಂಪು, ಫಿಲ್ಟರ್, ಪೈಪು, ಟ್ಯಾಂಕ್.

800ರ ಪೆಟ್ರೋಲ್ ಪಂಪ್ ಮೆಕ್ಯಾನಿಕಲ್, ಕ್ಯಾಮ್ (ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ದಂಡ) ತಿರುಗಿದ ಹಾಗೆ ಅದರ ಒಳಗಿನ ರಬ್ಬರ್ ಪೊರೆ ಮೇಲೆ ಕೆಳಗೆ ಆಡುತ್ತದೆ. ಪಂಪಿನಿಂದ ಕಾರ್ಬೊರೇಟರಿಗೆ ಬರುವ ಪೈಪನ್ನು ಕಾರ್ಬೊರೇಟರ್ ತುದಿಯಲ್ಲಿ ಬಿಚ್ಚಿ ಒಂದು ಬಾಟಲಿಗೆ ಇಳಿಬಿಡಿ. ಕಾಯಿಲಿನಿಂದ (ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಮಾಡಿಕೊಡುವ ಭಾಗ) ಡೆಲ್ಕೋಗೆ ಬರುವ ದಪ್ಪ ವೈರನ್ನು ಕಿತ್ತು ಎಂಜಿನ್ ಕಬ್ಬಿಣಕ್ಕೆ ತಾಗಿಸಿ ಕಟ್ಟಿ, ಯಾಕೆಂದರೆ ಪೆಟ್ರೋಲ್ ತೆರೆದಿರುವಾಗ ಎಲ್ಲೂ ಕಿಡಿ ಹಾರಬಾರದು. ಈಗ ಸೆಲ್ಫ್ ಹೊಡೆದರೆ ಪಿಚಕ್ ಪಿಚಕ್ ಅಂತ ಲಯವಾಗಿ ಬರಬೇಕು. ಬರದಿದ್ದರೆ ಫಿಲ್ಟರ್ ಕಟ್ಟಿದೆಯಾ, ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಬಿರುಕು ಬಿಟ್ಟು ಪೆಟ್ರೋಲಿನ ಬದಲು ಗಾಳಿ ಎಳೆಯುತ್ತಿದೆಯಾ ನೋಡಿ. ಎರಡೂ ಸರಿ ಇದ್ದರೆ ಪಂಪಿನ ಪೊರೆ ಹರಿದಿದೆ.

ಈಗಿನ ಪೆಟ್ರೋಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. 1996ರಲ್ಲಿ ತಯಾರಾದ ರಬ್ಬರಿಗೆ ಇದು ಗೊತ್ತಿಲ್ಲ. ಹಳೇ ಪೈಪು, ಪಂಪಿನ ಪೊರೆ, ಕಾರ್ಬೊರೇಟರಿನ ವಾಷರುಗಳು ಉಬ್ಬುತ್ತವೆ ಇಲ್ಲವೇ ಬಿರುಸಾಗಿ ಒಡೆಯುತ್ತವೆ. ಜೊತೆಗೆ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಜಾಸ್ತಿಯಾದರೆ ನೀರೂ ಎಥನಾಲೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್ ಮೊದಲು ಎಳೆಯುವುದು ಆ ತಳದ್ದನ್ನೇ. ಮಳೆಗಾಲದಲ್ಲಿ ಎರಡು ತಿಂಗಳು ಓಡಿಸದೆ ನಿಲ್ಲಿಸಿದ ಗಾಡಿ, ಬೆಂಗಳೂರಿನಲ್ಲಿರುವ ಮಗ ಹಬ್ಬಕ್ಕೆ ಬಂದು ಕೀ ತಿರುಗಿಸಿದಾಗ ಹಿಡಿಯದಿದ್ದರೆ ಇದೂ ಒಂದು ಕಾರಣ. ಕಾರ್ಬೊರೇಟರಿನ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಹಿಡಿದು ಐದು ನಿಮಿಷ ಬಿಡಿ. ಕೆಳಗೆ ಬೇರೆ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸದೆ ಬೇರೆ ದಾರಿ ಇಲ್ಲ.

ಡೆಲ್ಕೋದ ಒಳಗೆ

ಪೆಟ್ರೋಲ್ ಇದೆ ಅಂತಾಯಿತು. ಈಗ ಕಿಡಿ. ಒಂದು ಪ್ಲಗ್ಗಿನ ವೈರ್ ಕಿತ್ತು, ನಿಮ್ಮ ಹತ್ತಿರ ಇರುವ ಹೆಚ್ಚುವರಿ ಪ್ಲಗ್ಗಿಗೆ ಸಿಕ್ಕಿಸಿ, ಆ ಪ್ಲಗ್ಗಿನ ಮೈ ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಚೆನ್ನಾಗಿ ತಾಗುವ ಹಾಗೆ ಮಲಗಿಸಿ. ಕಾರ್ಬೊರೇಟರಿನಿಂದ ದೂರ ಇರಲಿ. ಕೈಯಲ್ಲಿ ಹಿಡಿಯಬೇಡಿ. ಸಾವಿರಾರು ವೋಲ್ಟ್ ಹರಿಯುತ್ತದೆ, ಒಂದು ಸಲ ಹೊಡೆಸಿಕೊಂಡವರು ಮರೆಯುವುದಿಲ್ಲ. ಸೆಲ್ಫ್ ಹೊಡೆದಾಗ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟ್ ಚಟ್ ಅನ್ನಬೇಕು. ಹಳದಿಯಾಗಿ, ಸದ್ದಿಲ್ಲದೆ, ಬಂದೂ ಬಾರದ ಹಾಗೆ ಬಂದರೆ ಅದು ಸಾಲದು.

ಕಿಡಿ ಚೆನ್ನಾಗಿದ್ದರೆ ಎಂಜಿನ್ನಿನಲ್ಲಿರುವ ಮೂರು ಪ್ಲಗ್ಗನ್ನೂ ಬಿಚ್ಚಿ ನೋಡಿ. ಕಪ್ಪು ಮಸಿ ಕಟ್ಟಿದ್ದರೆ ಉಜ್ಜಿ, ಗ್ಯಾಪ್ 0.7ರಿಂದ 0.8 ಮಿಲಿಮೀಟರ್ ಇರಲಿ. ಕಿಡಿ ಇಲ್ಲದಿದ್ದರೆ ಡೆಲ್ಕೋದ ಮುಚ್ಚಳ ತೆಗೆಯಿರಿ.

ಮಲೆನಾಡು, ಕರಾವಳಿ ಕಡೆಯವರು ಇಲ್ಲಿ ಸ್ವಲ್ಪ ನಿಲ್ಲಿ. ಮಳೆಗಾಲದಲ್ಲಿ ಮುಚ್ಚಳದ ಒಳಗೆ ಬೆವರಿನ ಹಾಗೆ ಸಣ್ಣ ಹನಿ ಕೂತಿರುತ್ತದೆ, ಕೆಲವು ಸಲ ಕಣ್ಣಿಗೂ ಕಾಣುವುದಿಲ್ಲ, ಬೆರಳಾಡಿಸಿದರೆ ಮಾತ್ರ ಗೊತ್ತಾಗುತ್ತದೆ. ಕಿಡಿ ಪ್ಲಗ್ಗಿಗೆ ಹೋಗುವ ಬದಲು ಆ ಪಸೆಯ ಮೇಲೇ ಹರಿದು ಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಮನೆಯಲ್ಲಿ ಹೇರ್ ಡ್ರೈಯರ್ ಇದ್ದರೆ ಬಿಸಿ ಗಾಳಿ ಬಿಡಿ. ನಮ್ಮಮ್ಮ ಒಂದು ಸಲ ಆ ಮುಚ್ಚಳವನ್ನು ಬಚ್ಚಲೊಲೆಯ ದಂಡೆ ಮೇಲೆ ಹತ್ತು ನಿಮಿಷ ಇಟ್ಟು ಒಣಗಿಸಿ ಕೊಟ್ಟಿದ್ದಳು, ಗಾಡಿ ಮೊದಲ ಸಲಕ್ಕೇ ಹಿಡಿಯಿತು. ಒಳಗೆ ಪೆನ್ಸಿಲ್ಲಿನಲ್ಲಿ ಗೀಚಿದಂಥ ಕಪ್ಪು ಗೆರೆ ಕಂಡರೆ ಮಾತ್ರ ಒರೆಸಿ ಪ್ರಯೋಜನವಿಲ್ಲ, ಕಿಡಿ ಅಲ್ಲೇ ದಾರಿ ಮಾಡಿಕೊಂಡಿದೆ, ಮುಚ್ಚಳ ಬದಲಿಸಿ. ಮುಚ್ಚಳ ಕಳಚುವ ಮೊದಲು ಯಾವ ವೈರ್ ಎಲ್ಲಿತ್ತು ಅಂತ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. 800ರ ಫೈರಿಂಗ್ ಕ್ರಮ, ಅಂದರೆ ಸಿಲಿಂಡರುಗಳಿಗೆ ಕಿಡಿ ಸಿಗುವ ಸರದಿ, 1-3-2. ವೈರ್ ಅದಲು ಬದಲಾದರೆ ಗಾಡಿ ಸೀನುತ್ತದೆ, ಪಟಾಕಿ ಹೊಡೆಯುತ್ತದೆ, ಹಿಡಿಯುವುದಿಲ್ಲ.

ರಾತ್ರಿ ಹೊತ್ತು ಮಾಡುವ ಒಂದು ಪರೀಕ್ಷೆ ನನಗೆ ಬಹಳ ಇಷ್ಟ. ಅಂಗಳದ ಲೈಟೆಲ್ಲ ಆರಿಸಿ, ಬಾನೆಟ್ ಎತ್ತಿ, ದೂರದಲ್ಲಿ ನಿಂತು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಪ್ಲಗ್ ವೈರಿನ ರಬ್ಬರ್ ಎಲ್ಲಿ ಒಡೆದಿದೆಯೋ ಅಲ್ಲಿ ನೀಲಿ ಕಿಡಿಗಳು ಮಿಂಚುಹುಳದ ಹಾಗೆ ಮಿನುಗುತ್ತವೆ. ಇಲಿ ಕಡಿದ ವೈರುಗಳೂ ಹೀಗೇ ಸಿಕ್ಕಿಬೀಳುತ್ತವೆ. ಅಡಿಕೆ, ಭತ್ತ ಇಡುವ ಕೊಟ್ಟಿಗೆಯ ಪಕ್ಕ ಗಾಡಿ ನಿಲ್ಲಿಸುವವರಿಗೆ ಇಲಿಯ ಬಗ್ಗೆ ನಾನೇನು ಹೇಳುವುದು.

ನಿಮ್ಮದು ಪಾಯಿಂಟ್ (ಕಾಯಿಲಿನ ಕರೆಂಟನ್ನು ಕೂಡಿಸಿ ಬಿಡಿಸುವ ಸಣ್ಣ ಸ್ವಿಚ್ಚು) ಇರುವ ಡೆಲ್ಕೋ ಆದರೆ ಟೆಸ್ಟ್ ಲ್ಯಾಂಪನ್ನು ಕಾಯಿಲಿನ ನೆಗೆಟಿವ್ ಮತ್ತು ಅರ್ಥ್ ನಡುವೆ ಹಾಕಿ ಸೆಲ್ಫ್ ಹೊಡೆಯಿರಿ. ಬಲ್ಬ್ ಮಿಣಮಿಣ ಅಂದರೆ ಪಾಯಿಂಟ್ ತೆರೆದು ಮುಚ್ಚಿ ಕೆಲಸ ಮಾಡುತ್ತಿದೆ. ಒಂದೇ ಸಮ ಉರಿದರೆ ಪಾಯಿಂಟ್ ಕೂಡುತ್ತಿಲ್ಲ ಅಥವಾ ಸುಟ್ಟು ಕಪ್ಪಾಗಿದೆ. ಹತ್ತಲೇ ಇಲ್ಲ ಅಂದರೆ ಕಾಯಿಲಿಗೇ ಕರೆಂಟು ಬರುತ್ತಿಲ್ಲ, ಇಲ್ಲವೇ ಪಾಯಿಂಟ್ ತೆರೆಯುತ್ತಲೇ ಇಲ್ಲ. ಪಾಯಿಂಟನ್ನು ಎಮರಿಯಲ್ಲಿ ಉಜ್ಜಿ, ಪುಡಿ ಊದಿ ತೆಗೆದು, ಪೂರ್ತಿ ತೆರೆದಾಗ 0.4ರಿಂದ 0.5 ಮಿಲಿಮೀಟರ್ ಗ್ಯಾಪ್ ಇಡಿ. ಮತ್ತೆ ಮತ್ತೆ ಸುಡುತ್ತಿದ್ದರೆ, ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಹೋಗಿದೆ. ತೀರಾ ಸಣ್ಣ ಸಾಮಾನು, ಪಾಯಿಂಟ್ ಜೊತೆಗೇ ಬದಲಿಸಿಬಿಡಿ.

ಮುಚ್ಚಳ ತೆರೆದಿರುವಾಗಲೇ ಇನ್ನೊಂದು ನೋಡಿಬಿಡಿ. ಸೆಲ್ಫ್ ಹೊಡೆದಾಗ ಒಳಗಿನ ರೋಟರ್ ತಿರುಗಬೇಕು. ಎಂಜಿನ್ ಎಂದಿಗಿಂತ ಹಗುರಾಗಿ, ಲಯವಿಲ್ಲದೆ, ಮಿಕ್ಸಿ ಹಾಗೆ ಸುಯ್ಯ್ ಅಂತ ತಿರುಗುತ್ತಿದ್ದು ರೋಟರ್ ಮಾತ್ರ ಅಲ್ಲಾಡುತ್ತಿಲ್ಲ ಅಂದರೆ ಟೈಮಿಂಗ್ ಬೆಲ್ಟ್ ತುಂಡಾಗಿದೆ. ಈ ಎಂಜಿನ್ನಿನಲ್ಲಿ ಡೆಲ್ಕೋ ತಿರುಗುವುದು ಕ್ಯಾಮ್ ಶಾಫ್ಟಿನಿಂದ, ಕ್ಯಾಮ್ ತಿರುಗುವುದು ಆ ಬೆಲ್ಟಿನಿಂದ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಇನ್ನು ಸೆಲ್ಫ್ ಹೊಡೆಯಬೇಡಿ, ತಳ್ಳಲೂ ಬೇಡಿ, ಗಾಡಿಯನ್ನು ಎಳೆದುಕೊಂಡು ಹೋಗುವ ವ್ಯವಸ್ಥೆ ಮಾಡಿ.

ಹಿಡಿದು ನಿಲ್ಲುವುದು, ಬಿಸಿಯಾದ ಮೇಲೆ ಹಿಡಿಯದಿರುವುದು

ಕೀ ತಿರುಗಿಸಿದಾಗ ಹಿಡಿಯುತ್ತದೆ, ಕೀ ಬಿಟ್ಟ ಕ್ಷಣವೇ ನಿಲ್ಲುತ್ತದೆ ಅಂದರೆ ಅದು ಕೀ ಸ್ವಿಚ್ಚಿನ ಕಡೆಯದು. ಸೆಲ್ಫ್ ಹೊಡೆಯುವಾಗ ಕಾಯಿಲಿಗೆ ಹೋಗುವ ಕರೆಂಟು ಕೀ ಬಿಟ್ಟ ಮೇಲೆ ಹೋಗುತ್ತಿಲ್ಲ. ಕಾರ್ಬೊರೇಟರ್ ಬಿಚ್ಚಲು ಹೊರಟವರನ್ನು ತಡೆಯಿರಿ. ಹಿಡಿದು ಎರಡು ನಿಮಿಷ ಓಡಿ ನಿಂತರೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ, 'ಸುಸ್' ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸರಿ ಓಡಿದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿಕೊಂಡಿದೆ. ಆಕ್ಸಿಲರೇಟರ್ ಒತ್ತಿ ಹಿಡಿದರೆ ಮಾತ್ರ ಓಡಿ, ಬಿಟ್ಟರೆ ನಿಂತರೆ ಕಾರ್ಬೊರೇಟರಿನ ಐಡ್ಲ್ ಜೆಟ್ (ಆಕ್ಸಿಲರೇಟರ್ ಒತ್ತದಿದ್ದಾಗ ಪೆಟ್ರೋಲ್ ಬಿಡುವ ಸಣ್ಣ ತೂತು) ಕಸ ಕಟ್ಟಿದೆ.

ಬಯಲುಸೀಮೆಯ ತೊಂದರೆ ಬೇರೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಗಾಡಿ ನಿಲ್ಲಿಸಿ ಚಹಾ ಕುಡಿದು ಬಂದರೆ ಸ್ಟಾರ್ಟ್ ಆಗುವುದಿಲ್ಲ. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಪಂಪು ಖಾಲಿ ಗಾಳಿ ತಳ್ಳುತ್ತಿರುತ್ತದೆ. ಪಂಪು ಮತ್ತು ಪೈಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಬಾನೆಟ್ ಎತ್ತಿ ಕಾಲು ಗಂಟೆ ಕಾಯಿರಿ. ನೀರು ಡೆಲ್ಕೋ ಮೇಲೆ ಬೀಳದಿರಲಿ. ತಣ್ಣಗಾದ ಮೇಲೂ ಕಿಡಿ ಪರೀಕ್ಷೆ ಮಾಡಿ ನೋಡಿ. ಬಿಸಿಯಲ್ಲಿ ಕಿಡಿ ಇಲ್ಲ, ತಣ್ಣಗಾದರೆ ಇದೆ ಅಂದರೆ ಕಾಯಿಲ್ ಸಾಯುತ್ತಿದೆ.

ಎಂಪಿಎಫ್‌ಐ ಗಾಡಿಯವರು

ನಿಮ್ಮಲ್ಲಿ ಚೋಕ್ ಇಲ್ಲ. ಕೀ ಆನ್ ಮಾಡಿ, ಸೆಲ್ಫ್ ಹೊಡೆಯದೆ ಕಿವಿಗೊಡಿ. ಹಿಂದಿನ ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡು 'ಗುಂಯ್' ಅಂತ ಪಂಪಿನ ಸದ್ದು ಬರಬೇಕು. ಬರದಿದ್ದರೆ ಮೊದಲು ಫ್ಯೂಸು, ಆಮೇಲೆ ರಿಲೇ, ಆಮೇಲೆ ಪಂಪು. ಚೆಕ್ ಎಂಜಿನ್ ಲೈಟ್ ಕೀ ಆನ್ ಆದಾಗ ಹತ್ತಲೇಬೇಕು. ಹತ್ತದಿದ್ದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಆದ ಇಸಿಎಂಗೇ ಕರೆಂಟು ಇಲ್ಲ. ಪ್ಲಗ್ ವೈರ್ ಕಿತ್ತು ಗಾಳಿಯಲ್ಲಿ ಕಿಡಿ ನೋಡುವ ಸಾಹಸ ಇದರಲ್ಲಿ ಬೇಡ, ಇಗ್ನಿಷನ್ ಭಾಗಗಳು ಸುಟ್ಟುಹೋಗಬಹುದು.

ತಳ್ಳಿ ಸ್ಟಾರ್ಟ್ ಮಾಡುವುದು ಕಾರ್ಬೊರೇಟರ್ ಗಾಡಿಗೆ ಸರಿ: ಕೀ ಆನ್, ಎರಡನೇ ಗೇರ್, ಕ್ಲಚ್ ಒತ್ತಿ, ವೇಗ ಬಂದಾಗ ಕ್ಲಚ್ ಬಿಡಿ. ಎಂಪಿಎಫ್‌ಐನಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ಪಂಪೂ ಇಸಿಎಂ ಕೂಡ ಕೆಲಸ ಮಾಡುವುದಿಲ್ಲ, ಎಷ್ಟು ತಳ್ಳಿದರೂ ಬೆವರೇ ಲಾಭ. ಜೊತೆಗೆ ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ (ಹೊಗೆಯ ವಿಷ ಕಡಿಮೆ ಮಾಡುವ ಭಾಗ) ಹೋಗಿ ಅದನ್ನು ಹಾಳು ಮಾಡುತ್ತದೆ. ಜಂಪರ್ ಕೇಬಲ್ ಮೇಲು. ಪಾಸಿಟಿವ್‌ಗೆ ಪಾಸಿಟಿವ್, ಒಳ್ಳೆ ಬ್ಯಾಟರಿಯ ನೆಗೆಟಿವ್‌ನಿಂದ ನಿಮ್ಮ ಎಂಜಿನ್ನಿನ ಕಬ್ಬಿಣಕ್ಕೆ. ಆ ಕೊನೆಯ ತುದಿ ಸತ್ತ ಬ್ಯಾಟರಿಯಿಂದ ದೂರ ಇರಲಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಕೊನೆಗೆ ಕಚ್ಚಿಸುವಾಗ ಕಿಡಿ ಹಾರಿದರೆ ಸಿಡಿಯಬಹುದು.

ಇಷ್ಟೆಲ್ಲ ನೋಡಿಯೂ ಆಗದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. 'ಬ್ಯಾಟರಿ ಹೋಗಿದೆ ಬನ್ನಿ' ಅನ್ನಬೇಡಿ, ಅವರು ಬ್ಯಾಟರಿ ಹೊತ್ತುಕೊಂಡೇ ಬರುತ್ತಾರೆ. 'ಸೆಲ್ಫ್ ಚೆನ್ನಾಗಿ ತಿರುಗ್ತದೆ, ಪೆಟ್ರೋಲ್ ಚಿಮ್ತದೆ, ಕಿಡಿ ಇಲ್ಲ' ಅನ್ನಿ. ನಮ್ಮ ಊರಿನ ಮೆಕ್ಯಾನಿಕ್ ಈಗ ಫೋನ್ ಎತ್ತಿದ ತಕ್ಷಣ 'ಮೇಷ್ಟ್ರೇ, ಎಂತ ಸದ್ದು?' ಅಂತಲೇ ಕೇಳುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದ ಅಪ್ಪ ಅಂಗಳದಲ್ಲಿ ನಿಂತು ಫೋನಿಗೆ ಬಾಯಿಟ್ಟು 'ಟಕ್... ಟಕ್' ಅಂತ ಮಾಡಿ ತೋರಿಸುತ್ತಾರೆ, ಒಳಗಿನಿಂದ ಅಮ್ಮ ನಗುತ್ತಾಳೆ.